ನನ್ನನ್ನು ವಹಿಸಿಕೊಂಡ ಮಿಸ್

ತೆಂಗಿನ ಚಿಪ್ಪು ಉರಿಯುವ ವಾಸನೆ ಬಂದರೆ ನನಗೆ ಈಗಲೂ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಮಿಸ್ ಬಚ್ಚಲೊಲೆಗೆ ಚಿಪ್ಪು ತುಂಬಿ, ಆ ಹೊಗೆಯಲ್ಲೇ ಹಿತ್ತಲ ಕಟ್ಟೆಯ ಮೇಲೆ ನಮ್ಮಂಥ ಕಾಲೇಜು ಹುಡುಗಿಯರಿಗೆ ಟ್ಯೂಷನ್ ಹೇಳುತ್ತಿದ್ದರು. ನಿನ್ನೆ ಸಂಜೆ ಯಾರ ಮನೆಯಿಂದಲೋ ಅದೇ ಹೊಗೆ ಬಂತು...

ಒಂದು ದಿನ ಅವರು ‘ಸ್ಟ್ಯಾಂಡ್ ಅಪ್ ಫಾರ್’ ಕಲಿಸಿದರು. “ಒಬ್ಬರನ್ನ ವಹಿಸ್ಕೊಂಡು ಮಾತಾಡೋದು ಕಣ್ರಮ್ಮಾ. ಎಲ್ಲರೂ ಸುಮ್ಮನಿದ್ದಾಗ ಅವರ ಪರ ನಿಲ್ಲೋದು. ಫಾರ್ ಆದ್ಮೇಲೆ ಯಾರ ಪರ ಅಂತ ಹೇಳ್ಲೇಬೇಕು.” ಆಮೇಲೆ ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು. ಗೈಡಿನದು ಬೇಡ, ನಿಮ್ಮ ಮನೆಯದೇ ಆಗಬೇಕು, ಅದೂ ನಿಜವಾಗಿರಬೇಕು. ಇದು ಮಿಸ್ ಕಟ್ಟಳೆ.

ಅವತ್ತು ಬೆಳಿಗ್ಗೆ ಅಣ್ಣ ನನ್ನ ಸೈಕಲ್ ಒಯ್ದು ಪಂಕ್ಚರ್ ಮಾಡಿಕೊಂಡು ಬಂದಿದ್ದ. ಅಮ್ಮ ಅವನನ್ನೇ ವಹಿಸಿಕೊಂಡಿದ್ದರು. ಆ ಸಿಟ್ಟಿನಲ್ಲಿ, “ನೋಬಡಿ ಸ್ಟ್ಯಾಂಡ್ಸ್ ಅಪ್ ಫಾರ್ ಮಿ ಅಟ್ ಹೋಮ್” ಎಂದೆ. ಮಿಸ್ “ಕರೆಕ್ಟ್” ಎಂದು ನನ್ನ ಮುಖವನ್ನೇ ನೋಡುತ್ತ ಕೂತರು.

ಆ ವಾರವೇ ಬೇಲೂರಿನ ಹುಡುಗನೊಬ್ಬ ನನ್ನನ್ನು ನೋಡಿಹೋಗಿದ್ದ. ಉಪ್ಪಿಟ್ಟು ಕೊಡುವಾಗ ನಾನು ಚಮಚ ಮರೆತದ್ದು ಕಂಡು ಯಾರಿಗೂ ಕಾಣದಂತೆ ನಕ್ಕಿದ್ದ. ನನಗೆ ಇಷ್ಟವಾಗಿದ್ದ. ಅದನ್ನು ಬಾಯಿಬಿಟ್ಟು ಹೇಳುವುದುಂಟೇ?

ಹುಡುಗಿಯ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಹುಡುಗನ ತಾಯಿ ಮಿಸ್ ಮನೆಗೇ ಹೋದರು. “ಹುಡುಗಿಗೆ ಮನಸ್ಸಿಲ್ಲ ಕಣ್ರೀ. ಮನೇಲಿ ಅವಳ ಪರ ಮಾತಾಡೋರು ಯಾರೂ ಇಲ್ಲ, ಅದಕ್ಕೇ ನಾನು ಹೇಳ್ತಿದೀನಿ. ಓದ್ಲಿ ಬಿಡಿ” ಎಂದರಂತೆ ಮಿಸ್. ಸಂಬಂಧ ಮುರಿದುಬಿತ್ತು. ನಾನು ಹೇಳಿದ್ದು ಸೈಕಲ್ಲಿನ ಸಂಕಟ, ಅವರು ಅದನ್ನು ಮದುವೆಯದೆಂದು ತಿಳಿದಿದ್ದರು.

“ಆಯಮ್ಮಂಗ್ಯಾಕೆ ಬೇಕಿತ್ತು ಊರ ಉಸಾಬರಿ?” ಎಂದು ಅಮ್ಮ ಪಕ್ಕದ ಮನೆಗೆ ಕೇಳುವಂತೆ ಕೂಗಾಡಿದರು. ಎರಡು ಮನೆಗಳ ನಡುವೆ ಮಾತು ನಿಂತಿತು. ನಾನು ಅತ್ತುಬಿಟ್ಟೆ. ಹುಡುಗನಿಗಾಗಿಯೋ, ನನ್ನ ದೆಸೆಯಿಂದ ಬೈಸಿಕೊಂಡ ಮಿಸ್‌ಗಾಗಿಯೋ... ಇವತ್ತಿಗೂ ಬಗೆಹರಿದಿಲ್ಲ.

ಆಮೇಲೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಿಸ್ ನನ್ನ ಕೈ ಹಿಡಿದು, “ಓದ್ತಿದೀಯಾ ತಾನೆ?” ಎಂದರು. ಅವರ ಮುಖದ ಸಂತೋಷ ನೋಡಿ “ಹೂಂ ಮಿಸ್” ಎಂದೆ. ಇನ್ನೇನು ಹೇಳಲಿ?

ಓದಿದೆ. ಕೆಲಸ ಸಿಕ್ಕಿತು, ಬೇರೆ ಕಡೆ ಮದುವೆಯೂ ಆಯಿತು. ಚೆನ್ನಾಗಿಯೇ ಇದ್ದೇನೆ. ಮಿಸ್ ಮಾಡಿದ್ದು ಉಪಕಾರವೋ ಅಪಕಾರವೋ, ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೂ ತಡವಾಗಿ.

ನಿನ್ನೆ ಆ ಹೊಗೆಯಲ್ಲಿ ಒಬ್ಬಳೇ ನಿಂತು ಹೇಳಿಕೊಂಡೆ: “ಮೈ ಮಿಸ್ ಸ್ಟುಡ್ ಅಪ್ ಫಾರ್ ಮಿ.” ಅವರಿದ್ದಿದ್ದರೆ “ಕರೆಕ್ಟ್” ಎನ್ನುತ್ತಿದ್ದರು. ಆಮೇಲೆ “ನಿಜಾನೇನೇ?” ಎಂದು ಕೇಳುತ್ತಿದ್ದರು. ಹೌದು ಮಿಸ್ ಎನ್ನುತ್ತಿದ್ದೆ. ಹುಡುಗನ ವಿಷಯ ಮಾತ್ರ ಆಗಲೂ ಹೇಳುತ್ತಿರಲಿಲ್ಲ.