ಹೆಸರು ಕಾಣುತ್ತದೆ, ಚಿತ್ರ ತೆರೆಯುವುದಿಲ್ಲ

2023ರ ಅಕ್ಟೋಬರ್ 25, ಬುಧವಾರ ಬೆಳಿಗ್ಗೆ 8.20ಕ್ಕೆ ಚಿತ್ರದುರ್ಗದ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಶೇರ್ಡ್ ಫೋಲ್ಡರ್ ತೆರೆಯಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅದರ ಮೂರು ಶಾಖೆಗಳಲ್ಲೂ ತೆರೆಯಲಿಲ್ಲ. ಆ ಕೇಂದ್ರದ ಕಂಪ್ಯೂಟರುಗಳ ನಿರ್ವಹಣೆ ಹನ್ನೊಂದು ವರ್ಷಗಳಿಂದ ನನ್ನದಾಗಿತ್ತು.

ಶೇರ್ಡ್ ಫೋಲ್ಡರ್ ಎಂದರೆ ಒಂದು ಕಂಪ್ಯೂಟರಿನಲ್ಲಿ ಇಟ್ಟು, ನೆಟ್‌ವರ್ಕ್ ಮೂಲಕ ಉಳಿದವರೂ ತೆರೆಯುವ ಕಡತಗಳ ಜಾಗ. ಅದನ್ನು ಇಟ್ಟುಕೊಂಡಿರುವ ಕಂಪ್ಯೂಟರೇ ಸರ್ವರ್. ನಾಲ್ಕೂ ಊರುಗಳ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್ ಚಿತ್ರಗಳು ಬಂದು ಸೇರುತ್ತಿದ್ದುದು ಚಿತ್ರದುರ್ಗದ ಕಪಾಟಿನಲ್ಲಿದ್ದ ಒಂದೇ ಸರ್ವರಿಗೆ. ಫಿಲ್ಮ್ ಕೊಡುವುದನ್ನು ಕೇಂದ್ರ ನಿಲ್ಲಿಸಿತ್ತು. ರೋಗಿಗೆ ಸಿಗುತ್ತಿದ್ದುದು ಒಂದು ಹಾಳೆಯ ವರದಿ ಮತ್ತು ‘ಚಿತ್ರ ಕಂಪ್ಯೂಟರಿನಲ್ಲಿ ಇರುತ್ತದೆ’ ಎಂಬ ಮಾತು.

ಫೋನ್ ಮಾಡಿದವರು ಕೌಂಟರಿನ ನಾಗರತ್ನ. “ಸರ್, ನೆಟ್‌ವರ್ಕ್ ಪಾತ್ ಸಿಗ್ತಿಲ್ಲ ಅಂತ ಬರ್ತೈತೆ. ಹೊಳಲ್ಕೆರೆಯವ್ರು ಆಗ್ಲೇ ನಾಕ್ ಸಲ ಫೋನ್ ಮಾಡಿ ಬೈದ್ರು. ಬೇಗ ಬರ್ರಿ.”

ಒಂಬತ್ತಕ್ಕೆ ನಾನು ಅಲ್ಲಿದ್ದೆ. ಇಂಥ ದೂರು ಬಂದಾಗ ಹತ್ತಿರದಿಂದ ದೂರಕ್ಕೆ ಹೋಗಬೇಕು: ಮೊದಲು ಎದುರಿನ ಕಂಪ್ಯೂಟರ್, ಆಮೇಲೆ ಕೇಬಲ್, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್, ಕೊನೆಗೆ ಸರ್ವರ್. ಮೊದಲ ಮೂರು ಸರಿಯಿದ್ದವು. ಸರ್ವರ್‌ಗೆ ಪಿಂಗ್ ಕಳಿಸಿದೆ. ಅಂದರೆ ‘ಇದ್ದೀಯಾ’ ಎಂದು ಕೇಳುವ ಒಂದು ಚಿಕ್ಕ ಸಂದೇಶ. ಉತ್ತರ ಬರಲಿಲ್ಲ. ಕಪಾಟು ತೆಗೆದರೆ ಪರದೆ ಕಪ್ಪಗಿತ್ತು. ಮುಂಭಾಗದಲ್ಲಿ ಗಂಧ, ಕುಂಕುಮ, ಬಾಡಿದ ಸೇವಂತಿಗೆ.

ಹಿಂದಿನ ಸೋಮವಾರ ಆಯುಧಪೂಜೆ. ಅಂದು ಕೇಂದ್ರದ ಪ್ರತಿಯೊಂದು ಯಂತ್ರವನ್ನೂ ಆಫ್ ಮಾಡಿ, ಒರೆಸಿ, ಪೂಜೆ ಮಾಡಿ, ವಿಜಯದಶಮಿ ಮುಗಿಯುವವರೆಗೆ ಮುಟ್ಟದೆ ಬಿಡುವುದು ಅಟೆಂಡರ್ ತಿಪ್ಪೇಸ್ವಾಮಿ ನಡೆಸಿಕೊಂಡು ಬಂದ ಪದ್ಧತಿ. ವರ್ಷದ ಉಳಿದ ದಿನ ಸರ್ವರ್ ನಿಲ್ಲುತ್ತಲೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಅವರು ಆನ್ ಮಾಡಿದಾಗ ಅದು ಏಳಲಿಲ್ಲ.

“ವರ್ಷಕ್ಕೊಂದ್ಸಲ ರೆಸ್ಟ್ ಕೊಟ್ರೆ ಮಲಗೇ ಬಿಡ್ತಲ್ಲ ಸರ್,” ಎಂದರು ತಿಪ್ಪೇಸ್ವಾಮಿ. “ನಮ್ಮ ಮಾವ್ನಂಗೆ ಐತೆ ಇದು.”

“ನೀನು ಸುಮ್ಕಿರಪ್ಪ ತಿಪ್ಪೇಶಿ, ಮಾವನ್ನ ಇಲ್ಲಿಗ್ಯಾಕೆ ತರ್ತೀಯ,” ಎಂದರು ನಾಗರತ್ನ.

ಮೂರನೇ ಸಲ ಆನ್ ಮಾಡಿದಾಗ, 10.40ಕ್ಕೆ, ಸರ್ವರ್ ಎದ್ದಿತು. ಫೋಲ್ಡರ್ ತೆರೆಯಿತು. ನಾಗರತ್ನ ಹೊಳಲ್ಕೆರೆಗೆ ಫೋನ್ ಮಾಡಿ “ಆಯ್ತು ಕಣ್ರಿ” ಎಂದರು. ಪರೀಕ್ಷಿಸಲೆಂದು ನಾನು ಕ್ಲಿಕ್ ಮಾಡಿದ ಅಕ್ಟೋಬರಿನ ಎರಡು ಎಕ್ಸ್‌ರೇಗಳೂ ತೆರೆದವು.

ಹನ್ನೊಂದರ ಸುಮಾರಿಗೆ ಮತ್ತೋಡು ಕಡೆಯ ಓಂಕಾರಮ್ಮ ಬಂದರು. ನಲವತ್ತಾರು ವರ್ಷ, ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಮಾರ್ಚಿನಲ್ಲಿ ಅಡುಗೆಕೋಣೆಯ ಮೆಟ್ಟಿಲಿನಿಂದ ಬಿದ್ದು ಇಲ್ಲಿಯೇ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಆಗಿನ ವರದಿಯಲ್ಲಿ ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದಷ್ಟೇ ಇತ್ತು. ಅಕ್ಟೋಬರಿನಲ್ಲಿ ಕೆಮ್ಮಿಗೆಂದು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಹೋದಾಗ ಅಲ್ಲಿನ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚುಕ್ಕೆ ಕಂಡಿತ್ತು. ವೈದ್ಯರು ಮಾರ್ಚಿನ ಚಿತ್ರಗಳನ್ನು ಕೇಳಿದ್ದರು. ಚುಕ್ಕೆ ಆಗಲೂ ಇಷ್ಟೇ ಇದ್ದರೆ ಕಾದು ನೋಡಬಹುದು. ಇರಲಿಲ್ಲ ಅಥವಾ ಬೆಳೆದಿದೆ ಎಂದಾದರೆ ಆಪರೇಷನ್. ಸೋಮವಾರ, 30ರಂದು, ತೀರ್ಮಾನ.

ನಾಗರತ್ನ ಮಾರ್ಚಿನ ಪಟ್ಟಿ ತೆಗೆದರು. ಓಂಕಾರಮ್ಮನವರ ಹೆಸರು, ವಯಸ್ಸು, 312 ಚಿತ್ರಗಳು. ಕ್ಲಿಕ್ ಮಾಡಿದರೆ ಪರದೆ ನಿಂತಿತು. ಎರಡು ನಿಮಿಷದ ನಂತರ ಬಂದದ್ದು: ಕಡತವನ್ನು ಓದಲಾಗುತ್ತಿಲ್ಲ. ಕಪಾಟಿನಿಂದ ಟಕ್ ಟಕ್ ಎಂಬ ಸದ್ದು ಕೇಳಿತು. ಡಿಸ್ಕ್ ಒಳಗಿನ ಓದುವ ಮುಳ್ಳು ಜಾಗ ಸಿಗದೆ ಹೊಡೆದುಕೊಳ್ಳುವ ಸದ್ದು ಅದು.

“ಅಣ್ಣ, ನನ್ನ ಹೆಸ್ರು ಅಲ್ಲೇ ಐತಲ್ಲ,” ಎಂದರು ಓಂಕಾರಮ್ಮ.

“ಐತಮ್ಮ. ಪಟ್ಟಿ ಬೇರೆ ಜಾಗದಾಗೆ ಇರ್ತದೆ, ಚಿತ್ರ ಬೇರೆ ಜಾಗದಾಗೆ.”

“ಡಬ್ಬಿ ಮೇಲೆ ಬೇಳೆ ಅಂತ ಬರ್ದೈತೆ, ಒಳಗೆ ಬೇಳೆ ಇಲ್ಲ ಅಂತೀರಾ?”

“ಒಳಗೆ ಇರಬೌದು. ಮುಚ್ಚಳ ಬರ್ತಿಲ್ಲ.”

“ಹಂಗಾದ್ರೆ ಇನ್ನೊಂದ್ಸಲ ತಿರುವ್ರಿ.”

ಇನ್ನೊಂದು ಸಲ ತಿರುವಿದರೆ ಡಿಸ್ಕ್ ಪೂರ್ತಿ ಕೆಡಬಹುದು ಎಂದು ನನಗೆ ಗೊತ್ತಿತ್ತು. ಆದರೂ ಒಂದು ಸಲ ಪ್ರಯತ್ನಿಸಿದೆ. ಸದ್ದು ಜೋರಾಯಿತು. 11.25ಕ್ಕೆ ಸರ್ವರ್ ಆಫ್ ಮಾಡಿದೆ.

ಆ ಸರ್ವರ್‌ನಲ್ಲಿ ಎರಡು ಡಿಸ್ಕ್‌ಗಳಿದ್ದವು. ಎರಡರಲ್ಲೂ ಒಂದೇ ಪ್ರತಿ. ಒಂದು ಹೋದರೆ ಇನ್ನೊಂದು ಕೆಲಸ ನಡೆಸುತ್ತದೆ. ಒಂದು ಹೋದ ಕೂಡಲೇ ಮುಂಭಾಗದಲ್ಲಿ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಳ್ಳುತ್ತದೆ. ಮೊದಲ ಡಿಸ್ಕ್ ಜೂನ್ 3ರಂದೇ ಕೆಟ್ಟಿತ್ತು ಎಂದು ಆಮೇಲೆ ಸರ್ವರಿನ ದಾಖಲೆ ನೋಡಿದಾಗ ತಿಳಿಯಿತು. ನೂರ ನಲವತ್ತಕ್ಕೂ ಹೆಚ್ಚು ದಿನ ಆ ದೀಪ ಉರಿದಿತ್ತು. ಅದು ಯಾರಿಗೂ ಕಾಣಲಿಲ್ಲ. 2022ರ ಆಯುಧಪೂಜೆಯಲ್ಲಿ ಹಚ್ಚಿದ್ದ ಗಂಧ ಕುಂಕುಮ ಸರಿಯಾಗಿ ಅದರ ಮೇಲೆಯೇ ಒಣಗಿ ಕೂತಿತ್ತು. ಪೂಜೆಯ ಕುಂಕುಮವನ್ನು ಒರೆಸಿ ತೆಗೆಯುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ಈ ವರ್ಷ ಸುತ್ತ ಒರೆಸಿ, ಹಳೆಯದರ ಮೇಲೆಯೇ ಹೊಸದನ್ನು ಹಚ್ಚಿದ್ದರು.

ಜುಲೈನಲ್ಲಿ ನಾನು ತಪಾಸಣೆಗೆ ಬಂದಿದ್ದೆ. ಕಪಾಟು ತೆಗೆದೆ, ಕುಂಕುಮ ನೋಡಿದೆ, ಫೋಲ್ಡರ್ ತೆರೆಯುತ್ತಿತ್ತು, ರಿಜಿಸ್ಟರಿಗೆ ಸಹಿ ಹಾಕಿದೆ. ಸರ್ವರಿನಲ್ಲಿರುವುದರ ಇನ್ನೊಂದು ಪ್ರತಿ ಹೊರಗೆ ಉಳಿಸಿಡಲು ಇದ್ದ ಬ್ಯಾಕಪ್ ಡಿಸ್ಕನ್ನು ತೆರೆದು ನೋಡಲಿಲ್ಲ. ಅದು ಫೆಬ್ರವರಿ 20ಕ್ಕೆ ತುಂಬಿ ನಿಂತಿತ್ತು. ಸ್ಕ್ಯಾನ್ ಯಂತ್ರ ತನ್ನಲ್ಲಿ ಮೂರು ತಿಂಗಳ ಚಿತ್ರಗಳನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಮಾರ್ಚಿನ ಆ 312 ಚಿತ್ರಗಳು ಬೇರೆಲ್ಲೂ ಇರಲಿಲ್ಲ. ಫೋಲ್ಡರ್ ತೆರೆಯುತ್ತಿದೆ ಎಂಬುದು ತಪಾಸಣೆಯಲ್ಲ ಎನ್ನುವುದನ್ನು ಈ ಕೆಲಸ ನನಗೆ ಕಲಿಸಿದ್ದು ಅಂದು, ಹನ್ನೊಂದು ವರ್ಷದ ನಂತರ.

26ರಂದು ಎರಡೂ ಡಿಸ್ಕ್‌ಗಳನ್ನು ಬೆಂಗಳೂರಿನ ಡೇಟಾ ರಿಕವರಿ ಲ್ಯಾಬ್ ಒಂದಕ್ಕೆ ನಾನೇ ಒಯ್ದು ಕೊಟ್ಟೆ. ಡಿಸ್ಕ್ ಬಿಚ್ಚಿ, ಒಳಭಾಗ ಬದಲಿಸಿ ಓದಬೇಕು, ಆರು ವಾರ ಬೇಕು ಎಂದರು. ಸೋಮವಾರದೊಳಗೆ ಒಬ್ಬರ ಚಿತ್ರಗಳನ್ನಷ್ಟೇ ತೆಗೆದುಕೊಡಿ ಎಂದು ಕೇಳಿದೆ. ಹಾಗೆ ಒಬ್ಬರದನ್ನೇ ತೆಗೆಯಲು ಬರುವುದಿಲ್ಲ ಎಂದರು. ಅದು ನನಗೂ ಗೊತ್ತಿತ್ತು.

ಭಾನುವಾರ ಓಂಕಾರಮ್ಮ ಫೋನ್ ಮಾಡಿದರು. “ಮುಚ್ಚಳ ಬಂತೇನಣ್ಣ?”

“ಇನ್ನೂ ಇಲ್ಲಮ್ಮ. ಡಾಕ್ಟ್ರಿಗೆ ಆರು ವಾರ ಕಾಯಕ್ಕಾಗ್ತದಾ ಕೇಳ್ರಿ.”

“ಕೇಳ್ದೆ. ಚಿತ್ರ ಸಿಕ್ಕೇ ಸಿಗ್ತೈತಾ ಅಂದ್ರು. ಏನಂತ ಹೇಳ್ಲಿ?”

ಸಿಗುತ್ತದೆ ಎಂದು ಹೇಳುವ ಹಾಗಿರಲಿಲ್ಲ. “ಖಾತ್ರಿ ಹೇಳಕ್ಕಾಗಲ್ಲಮ್ಮ,” ಎಂದೆ.

“ಆಗ್ಲಿ ಬಿಡ್ರಿ,” ಎಂದು ಅವರೇ ಫೋನ್ ಇಟ್ಟರು.

ಹೋಲಿಸಿ ನೋಡಲು ಹಳೆಯ ಚಿತ್ರವಿಲ್ಲದೆ ವೈದ್ಯರು ಕಾಯಲು ಒಪ್ಪಲಿಲ್ಲ. ನವೆಂಬರ್ 7ರಂದು ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದ ಒಂದು ತುಂಡನ್ನು ತೆಗೆದರು. ಪರೀಕ್ಷೆಯಲ್ಲಿ ಅದು ಯಾವಾಗಲೋ ಬಂದು ತಾನಾಗಿಯೇ ವಾಸಿಯಾದ ಸೋಂಕಿನ ಹಳೆಯ ಕಲೆ ಎಂದು ಬಂತು.

ಡಿಸೆಂಬರ್ 11ರಂದು ಲ್ಯಾಬ್‌ನಿಂದ ಕಡತಗಳು ಬಂದವು. ಓಂಕಾರಮ್ಮನವರ 312 ಚಿತ್ರಗಳಲ್ಲಿ 298 ತೆರೆದವು. ಕೇಂದ್ರದ ರೇಡಿಯಾಲಜಿಸ್ಟ್ ಅವುಗಳನ್ನು ನೋಡಿದರು. ಚುಕ್ಕೆ ಮಾರ್ಚಿನಲ್ಲೂ ಇತ್ತು. ಅಳತೆ ಒಂಬತ್ತು ಮಿಲಿಮೀಟರ್, ಅಕ್ಟೋಬರಿನಲ್ಲೂ ಒಂಬತ್ತು. ನಾನು ಫೋನ್ ಮಾಡಿ ತಿಳಿಸಿದೆ. “ಅಲ್ಲೇ ಇಟ್ಟಿರ್ರಿ, ಆ ಕಡೆ ಬಂದಾಗ ಈಸ್ಕಂತೀನಿ,” ಎಂದರು ಓಂಕಾರಮ್ಮ.

2024ರ ಆಯುಧಪೂಜೆಗೆ ತಿಪ್ಪೇಸ್ವಾಮಿ ಸರ್ವರ್ ಆಫ್ ಮಾಡಲಿಲ್ಲ. ಕುಂಕುಮವನ್ನು ಕಪಾಟಿನ ಬಾಗಿಲಿಗೆ ಹಚ್ಚಿದರು. ಫೋಲ್ಡರ್ ಈಗ ನಾಲ್ಕೂ ಊರುಗಳಲ್ಲಿ ತೆರೆಯುತ್ತದೆ. ಮಾರ್ಚಿನ ಚಿತ್ರಗಳ ಸಿಡಿ ಓಂಕಾರಮ್ಮನವರ ಹೆಸರು ಬರೆದ ಲಕೋಟೆಯಲ್ಲಿ, ಚಿತ್ರದುರ್ಗದ ಕೌಂಟರಿನ ಎರಡನೇ ಡ್ರಾಯರಿನಲ್ಲಿದೆ. ಈವರೆಗೆ ಯಾರೂ ಬಂದು ಅದನ್ನು ತೆಗೆದುಕೊಂಡು ಹೋಗಿಲ್ಲ.