ಶಂಕ್ರಮ್ಮ ಟೀಚರ್ ಕಳೆದುಕೊಂಡ ಹನ್ನೊಂದು ರೆಕಾರ್ಡುಗಳು

ಕಮಲಾಪುರದ ಶಾಲೆಯಲ್ಲಿ ಮೂವತ್ತೆರಡು ವರ್ಷ ಹೊಲಿಗೆ ಕಲಿಸಿದ ಶಂಕ್ರಮ್ಮ ಟೀಚರ್‌ಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವರ ಕೈಕೆಳಗೆ ಕಲಿತ ಹೆಣ್ಣುಮಕ್ಕಳಿಗೆಲ್ಲ ಇದು ಗೊತ್ತು. ಟೀಚರ್ ಪಿಸುಮಾತಿಗೆ ಇಳಿದರೆಂದರೆ ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕು, ಬೇರೆ ದಾರಿಯಿಲ್ಲ. ಹೋದ ವರ್ಷ ಕಲಬುರಗಿಯ ಒಂದು ಅಂಗಡಿಯಲ್ಲಿ ಅವರು ಆ ದನಿಯಲ್ಲಿ ಮಾತಾಡಿದರು.

ಅವರ ತಂದೆ ದೌಲಪ್ಪನವರದು ಮೈಕ್‌ಸೆಟ್ಟಿನ ಕಸುಬು. ಸುತ್ತಲಿನ ಊರುಗಳ ಮದುವೆ, ಬಸುರಿಯರ ಕುಬಸ, ದರ್ಗಾದ ಉರುಸಿಗೆಲ್ಲ ಬಂಡಿಯಲ್ಲಿ ಹಾರ್ನು, ಬ್ಯಾಟರಿ, ರೆಕಾರ್ಡಿನ ಪೆಟ್ಟಿಗೆ ಹೇರಿಕೊಂಡು ಹೋಗುತ್ತಿದ್ದರು. ರೆಕಾರ್ಡಿನ ಮೇಲೆ ಸೂಜಿ ಇಡುವ ಕೆಲಸ ಮಗಳದು. ಗಂಡಸರ ನಡುವೆ ಹುಡುಗಿಯನ್ನು ಕೂಡಿಸಿದ್ದಾನೆಂದು ಜನ ಆಡಿಕೊಂಡರು. ಮಗನ ಕೈ ನಡುಗುತ್ತದೆ, ಇವಳದು ನಡುಗುವುದಿಲ್ಲ ಎಂದಷ್ಟೇ ದೌಲಪ್ಪ ಹೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ತಮ್ಮ ಮೌನೇಶ ಹಾರ್ನುಗಳನ್ನು ಮಾರಿದ. ನಲವತ್ತೆರಡು ರೆಕಾರ್ಡುಗಳ ಪೆಟ್ಟಿಗೆ ಶಂಕ್ರಮ್ಮನವರಿಗೆ ಬಂತು. ನೌಕರಿಯ ಹೊಸತರಲ್ಲಿ ಅವರು ಒಂದು ಒಳ್ಳೆಯ ಆಂಪ್ಲಿಫೈಯರ್, ಒಂದು ಪ್ಲೇಯರ್ ಕೊಂಡಿದ್ದರು. ಪ್ಲೇಯರ್ ಎಂದೋ ಕೆಟ್ಟು ಮೂಲೆ ಸೇರಿತ್ತು. ಆಂಪ್ಲಿಫೈಯರ್ ಮಾತ್ರ ಗಟ್ಟಿಯಾಗಿತ್ತು. ನಿವೃತ್ತಿಯಾದ ಮೇಲೆ, ಇನ್ನು ಅಪ್ಪನ ರೆಕಾರ್ಡು ಕೇಳಬೇಕು ಎಂದು ಹೊಸ ಪ್ಲೇಯರ್ ಕೊಳ್ಳಲು ಕಲಬುರಗಿಗೆ ಹೋದರು. ಜೇವರ್ಗಿ ಕಾಲೋನಿಯಲ್ಲಿರುವ ಮೌನೇಶನೂ ಜೊತೆಗೆ ಬಂದ.

ಅಂಗಡಿಯ ಅಮರನಾಥ ಎಂಬ ತರುಣ ಎರಡು ಪ್ಲೇಯರ್ ತೋರಿಸಿದ. ರೆಕಾರ್ಡಿನ ಗೆರೆಯಿಂದ ಸೂಜಿ ಎತ್ತುವ ದನಿ ತೀರ ಸಣ್ಣದು. ಆಂಪ್ಲಿಫೈಯರ್‌ಗೆ ಹೋಗುವ ಮೊದಲು ಅದನ್ನು ಹಿಗ್ಗಿಸಿ ಹದ ಮಾಡಲು ಪ್ರೀಆಂಪ್ ಬೇಕು. ಒಂದು ಪ್ಲೇಯರ್‌ನಲ್ಲಿ ಅದು ಒಳಗೇ ಇತ್ತು. ಇನ್ನೊಂದರಲ್ಲಿ ಇರಲಿಲ್ಲ, ಬೇಕಾದವರು ಬೇರೆ ಡಬ್ಬಿ ಕೊಳ್ಳಬೇಕು. ಶಂಕ್ರಮ್ಮ ಒಂದೇ ಪ್ರಶ್ನೆ ಕೇಳಿದರು: “ನನ್ನ ಆಂಪ್ಲಿಫೈಯರ್ ಹಿಂದ ಫೋನೋ ಅಂತ ಬರದ ತೂತು ಅದ. ಹಂಗಿದ್ರ ಯಾವುದು ತಗೋಬೇಕ್ರಿ?”

ಅಮರನಾಥ ಅವರ ಕಡೆ ನೋಡಲಿಲ್ಲ. ಮೌನೇಶನ ಕಡೆ ತಿರುಗಿ, ವಯಸ್ಸಾದವರಿಗೆ ಒಳಗೇ ಇರುವುದು ಸುಲಭ, ತಲೆನೋವಿಲ್ಲ ಎಂದ. ಶಂಕ್ರಮ್ಮ ಮತ್ತೆ ಕೇಳಿದರು. ಅವನು ಮತ್ತೆ ಮೌನೇಶನಿಗೇ ಬಣ್ಣ ಯಾವುದಿರಲಿ ಎಂದು ಕೇಳಿದ. ಮೌನೇಶ ಕಪ್ಪು ಎಂದ. ಒಳಗೇ ಪ್ರೀಆಂಪ್ ಇದ್ದ ಪ್ಲೇಯರನ್ನೇ ಕೊಂಡು, ಉತ್ತರ ಸಿಗದ ಪ್ರಶ್ನೆಯೊಂದಿಗೆ ಶಂಕ್ರಮ್ಮ ಬಸ್ಸಿನಲ್ಲಿ ಊರಿಗೆ ಬಂದರು.

ಮನೆಯಲ್ಲಿ ಪ್ಲೇಯರ್‌ನ ವೈರನ್ನು ಆ ಫೋನೋ ತೂತಿಗೇ ಸಿಕ್ಕಿಸಿ ಸೂಜಿ ಇಟ್ಟರು. ದನಿ ಹರಿದುಹೋಗಿ ಬಂತು. ಹಾಡುವವಳ ಗಂಟಲು ಒಡೆದ ಹಾಗೆ, ತಬಲಾ ತಗಡು ಬಡಿದ ಹಾಗೆ. ಯಾವ ರೆಕಾರ್ಡು ಹಾಕಿದರೂ ಅದೇ ಗತಿ. ಎರಡು ರೆಕಾರ್ಡು ಹಿಡಿದುಕೊಂಡು ಮತ್ತೆ ಅಂಗಡಿಗೆ ಹೋದರು. ಅಮರನಾಥ ಅವನ್ನು ಬೆಳಕಿಗೆ ಹಿಡಿದು, ಪೂರ್ತಿ ಸವೆದಿವೆ ಎಂದ. ಅಷ್ಟಾಗಿಯೂ ಕೇಳಲೇಬೇಕೆಂದರೆ ಹೊರಗಿನ ಪ್ರೀಆಂಪ್ ಡಬ್ಬಿಯನ್ನೂ ಕೊಳ್ಳಿರಿ, ಸ್ವಲ್ಪ ಸುಧಾರಿಸಬಹುದು ಎಂದ. ಶಂಕ್ರಮ್ಮ ಕೊಳ್ಳಲಿಲ್ಲ. ಆದರೆ ಸವೆದಿವೆ ಎಂಬ ಮಾತನ್ನು ನಂಬಿದರು. ಅಪ್ಪ ಅವುಗಳನ್ನು ಬಿಸಿಲು ಧೂಳಿನಲ್ಲಿ ಎಷ್ಟು ತಿರುಗಿಸಿದ್ದರು ಎನ್ನುವುದನ್ನು ಕಣ್ಣಾರೆ ಕಂಡವರು ಅವರು.

ಆ ವಾರವೇ ಮೌನೇಶನ ಮಗಳು ಮಲ್ಲಿಕಾ ಬಂದಳು. ಕಲಬುರಗಿಯ ಒಂದು ಶಾಲೆಯಲ್ಲಿ ಅವಳು ಕರಕುಶಲ ಕಲಿಸುತ್ತಾಳೆ. ಹಳೆಯ ರೆಕಾರ್ಡುಗಳನ್ನು ಬಿಸಿ ಮಾಡಿ ಬಗ್ಗಿಸಿದರೆ ಚಂದದ ಬಟ್ಟಲಾಗುತ್ತವೆ, ಪ್ರದರ್ಶನಕ್ಕೆ ಕೊಡುತ್ತೀಯಾ ಅತ್ತಿ ಎಂದು ಕೇಳಿದಳು. ಶಂಕ್ರಮ್ಮ ಪೆಟ್ಟಿಗೆಯಿಂದ ಹದಿನಾರು ರೆಕಾರ್ಡು ಎಣಿಸಿ ತಾವೇ ಅವಳ ಚೀಲಕ್ಕೆ ಹಾಕಿದರು.

ರೆಕಾರ್ಡೇ ಸವೆದ ಮೇಲೆ ಆಂಪ್ಲಿಫೈಯರ್ ಯಾಕೆ, ಪ್ಲೇಯರ್ ಯಾಕೆ ಎಂದು ತಿಂಗಳ ನಂತರ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಕಲಬುರಗಿಯ ಬುರ್ಹಾನುದ್ದೀನ್ ಹತ್ತಿರ ಹೋದರು. ಹಳೆಯ ರೇಡಿಯೊ, ಟೇಪುಗಳನ್ನು ರಿಪೇರಿ ಮಾಡಿ ಮಾರುವ ಮುದುಕ ಅವರು. ಕೊಳ್ಳುವ ಮೊದಲು ಪರೀಕ್ಷೆ ಮಾಡಬೇಕೆಂದು ಎರಡನ್ನೂ ಜೋಡಿಸಿ ತಮ್ಮದೇ ಒಂದು ಕವ್ವಾಲಿ ರೆಕಾರ್ಡು ಹಾಕಿದರು. ಅದೇ ಹರಕು ದನಿ. ಬುರ್ಹಾನುದ್ದೀನ್ ಹುಬ್ಬು ಗಂಟಿಕ್ಕಿದರು. ನನ್ನ ರೆಕಾರ್ಡು ಸವೆದಿಲ್ಲ, ನಿನ್ನೆ ಸಂಜೆಯಷ್ಟೇ ಕೇಳಿದ್ದೇನೆ ಎಂದು ಪ್ಲೇಯರ್ ತಿರುಗಿಸಿ ಹಿಂಬದಿ ನೋಡಿದರು. ಅಲ್ಲೊಂದು ಸಣ್ಣ ಸ್ವಿಚ್ ಇತ್ತು. ಅದನ್ನು ಬೆರಳ ತುದಿಯಿಂದ ಸರಿಸಿ ಮತ್ತೆ ಸೂಜಿ ಇಟ್ಟರು.

ಹಾಡು ತಿಳಿಯಾಗಿ ಬಂತು. ಹಾಡುವವನು ಉಸಿರೆಳೆದುಕೊಳ್ಳುವುದೂ ಕೇಳಿಸಿತು.

“ಟೀಚರ್, ಪ್ರೀಆಂಪ್ ಇದರಾಗೂ ಅದ, ನಿಮ್ಮ ಆಂಪ್ಲಿಫೈಯರ್‌ನಾಗೂ ಅದ,” ಎಂದರು ಬುರ್ಹಾನುದ್ದೀನ್. “ಒಂದರ ಮ್ಯಾಲೊಂದು ಕುಂತ್ರ ದನಿ ಒಡೀದೇ ಏನ್ ಮಾಡ್ತದ್ರಿ? ಈ ಸ್ವಿಚ್ ಸರಸಿದ್ರ ಇದರಾಗಿಂದು ಬಂದ್ ಆಗ್ತದ. ಫೋನೋ ತೂತು ಇದ್ದವ್ರಿಗಿ ಎರಡನೇದು ಬ್ಯಾಡೇ ಬ್ಯಾಡ.”

ನಂತರ ಅವರು ಮೂರು ಬಗೆಯಲ್ಲೂ ಕೇಳಿಸಿದರು. ಪ್ಲೇಯರ್ ಒಳಗಿನ ಪ್ರೀಆಂಪ್ ಹಚ್ಚಿ, ವೈರನ್ನು ಬೇರೆ ತೂತಿಗೆ ಹಾಕಿದಾಗ ದನಿ ಸರಿಯಿತ್ತು, ಆದರೆ ಸಪ್ಪೆ. ಆಂಪ್ಲಿಫೈಯರ್‌ನದೇ ಪ್ರೀಆಂಪ್‌ನಲ್ಲಿ ತುಂಬಿದ ದನಿ. ತಮ್ಮ ಕಪಾಟಿನ ಮೇಲಿದ್ದ ಬೇರೆ ಡಬ್ಬಿಯನ್ನೂ ಹಚ್ಚಿದರು; ಕೂದಲೆಳೆಯಷ್ಟು ಚೊಕ್ಕ ಎನಿಸಿತು. ನಾಳೆ ಆಂಪ್ಲಿಫೈಯರ್ ಕೆಟ್ಟರೆ ಈ ಡಬ್ಬಿಯ ಮಾತಾಡೋಣ, ಈಗ ಇದು ದಂಡ ಎಂದು ಅವರೇ ಹೇಳಿದರು. ಶಂಕ್ರಮ್ಮ ಆಂಪ್ಲಿಫೈಯರ್‌ನ ದನಿಯೇ ಇರಲಿ ಎಂದರು. ಹೇಳುವಾಗ ಅವರ ಮಾತು ಬುರ್ಹಾನುದ್ದೀನ್‌ಗೆ ಕೇಳಿಸಲಿಲ್ಲ, ಅಷ್ಟು ಇಳಿದಿತ್ತು. ಅಂಗಡಿಯಲ್ಲಿ ಎರಡು ಸಲ ಕೇಳಿದ್ದು ಇದೇ ಪ್ರಶ್ನೆ. ಉತ್ತರ ಒಂದು ಸಾಲಿನದು.

ಅಲ್ಲಿಂದ ನೇರ ಮಲ್ಲಿಕಾಳ ಮನೆಗೆ ಹೋದರು. ಐದು ರೆಕಾರ್ಡು ಇನ್ನೂ ಚೀಲದಲ್ಲೇ ಇದ್ದವು. ಹನ್ನೊಂದು ಬಟ್ಟಲಾಗಿದ್ದವು, ಅಂಚಿಗೆ ಬಂಗಾರದ ಬಣ್ಣ, ಒಳಗೆ ಕಾಗದದ ಹೂವು. ಒಂದರ ತಳದಲ್ಲಿ ದೌಲಪ್ಪ ಮಸಿಯಿಂದ ಬರೆದ ಅಂಕಿ ಇನ್ನೂ ಕಾಣುತ್ತಿತ್ತು. ಒಂದು ಸಲವಾದರೂ ಯಾವ ಹಾಡು ಎಂದು ಓದಬೇಕೆನಿಸಲಿಲ್ಲವೇ ಎಂದು ಶಂಕ್ರಮ್ಮ ಹುಡುಗಿಯನ್ನು ಕೇಳಿದರು. ಮಲ್ಲಿಕಾ ಅಳತೊಡಗಿದಳು. ಕೊಟ್ಟವರು ತಾವು, ಬೈಸಿಕೊಳ್ಳುತ್ತಿರುವವಳು ಇವಳು ಎಂಬುದು ಅವರಿಗೆ ಹೊಳೆಯಿತು. ಹೊಳೆದಷ್ಟೂ ಸಿಟ್ಟು ಹೆಚ್ಚಾಯಿತು.

ಮರುದಿನ ಬುರ್ಹಾನುದ್ದೀನ್‌ರನ್ನು ಕರೆದುಕೊಂಡು, ಎರಡೂ ಯಂತ್ರ ಹೊರಿಸಿಕೊಂಡು ಅಂಗಡಿಗೆ ಹೋದರು. ಗಿರಾಕಿಗಳ ಮುಂದೆಯೇ ಜೋಡಿಸಿ, ಅವನು ಸವೆದಿದೆ ಎಂದಿದ್ದ ರೆಕಾರ್ಡನ್ನೇ ಹಾಕಿಸಿದರು. ಮೊದಲು ಹರಕು ದನಿ. ಸ್ವಿಚ್ ಸರಿಸಿದ ಮೇಲೆ ಹೆಣ್ಣುದನಿಯ ಒಂದು ಸೋಬಾನೆ ಪದ ಅಂಗಡಿಯ ತುಂಬ ಹರಿಯಿತು. ಅಮರನಾಥನ ಮುಖ ಬಿಳಿಚಿತು. ಅವನು ಬುರ್ಹಾನುದ್ದೀನ್ ಕಡೆ ತಿರುಗಿ, ಚಾಚಾ, ಈ ಮಾಡೆಲ್‌ನಲ್ಲಿ ಸ್ವಿಚ್ ಇರುವುದು... ಎಂದು ಶುರು ಮಾಡಿದ. ಬುರ್ಹಾನುದ್ದೀನ್ ಕೈ ಅಡ್ಡ ಹಿಡಿದರು. “ನನಗ್ಯಾಕ ಹೇಳ್ತೀರಿ? ಕೇಳಿದವ್ರು ಅವ್ರು.”

“ಈ ಕಡಿ ನೋಡ್ರಿ,” ಎಂದರು ಶಂಕ್ರಮ್ಮ. ಅಂಗಡಿಯಲ್ಲಿದ್ದವರೆಲ್ಲ ಕೇಳಲೆಂದು ಸುಮ್ಮನಾಗಬೇಕಾಯಿತು. “ನಾ ಎರಡು ಸರ್ತಿ ಕೇಳೀನಿ. ನಿಮಗ ಗೊತ್ತಿರಲಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತು. ರೆಕಾರ್ಡ್ ಸವದಾವ ಅಂತ ಯಾಕ ಅಂದ್ರಿ? ನಮ್ಮಪ್ಪನ ಹನ್ನೊಂದು ರೆಕಾರ್ಡ್ ಸುಟ್ಟು ಬಟ್ಟಲಾದವು. ನಿಮ್ಮ ಒಂದು ಮಾತಿಗಿ.”

ಅಮರನಾಥ ತಲೆ ತಗ್ಗಿಸಿ, ಗೊತ್ತಿರಲಿಲ್ರಿ ಎಂದ. ಮಾಲೀಕರು ಓಡಿಬಂದು ಹೊರಗಿನ ಡಬ್ಬಿಯನ್ನು ಪುಕ್ಕಟೆ ಕೊಡುತ್ತೇವೆ ಎಂದರು. ನನಗೆ ಮೂರನೆಯ ಪ್ರೀಆಂಪೂ ಬೇಕಿಲ್ಲ, ಎರಡನೆಯದೂ ಬೇಕಿಲ್ಲ ಎಂದರು ಶಂಕ್ರಮ್ಮ. ಆ ಪ್ಲೇಯರ್ ಅಲ್ಲೇ ಬಿಟ್ಟು, ಒಳಗೆ ಪ್ರೀಆಂಪ್ ಇಲ್ಲದ ಆ ಇನ್ನೊಂದು ಮಾಡೆಲ್ ತೆಗೆದುಕೊಂಡು ಬಂದರು.

ಈಗ ಕಮಲಾಪುರದ ಅವರ ಮನೆಯಲ್ಲಿ ದಿನಾ ಮಧ್ಯಾಹ್ನ ಮೂವತ್ತೊಂದು ರೆಕಾರ್ಡುಗಳಲ್ಲಿ ಒಂದು ತಿರುಗುತ್ತದೆ. ಮಲ್ಲಿಕಾ ಕಳೆದುಹೋದ ಹಾಡುಗಳನ್ನು ಫೋನಿನಲ್ಲಿ ಹುಡುಕಿದಳು. ನಾಲ್ಕು ಸಿಕ್ಕವು, ಏಳು ಎಲ್ಲೂ ಇಲ್ಲ. ಸಿಕ್ಕ ನಾಲ್ಕನ್ನು ಶಂಕ್ರಮ್ಮ ಕೇಳಿದರು, ಹುಡುಗಿಗೆ ಊಟಕ್ಕೆ ಬಡಿಸಿದರು, ಬೈದದ್ದು ತಪ್ಪಾಯಿತು ಎಂದೂ ಹೇಳಿದರು. ಅಮರನಾಥ ದೀಪಾವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಅವನು ಮಾತು ಮುಗಿಸುವವರೆಗೂ ಅವರು ಕೇಳಿಸಿಕೊಂಡರು. ಆ ಏಳು ಹಾಡಿನ ಹೆಸರು ಒಂದೊಂದಾಗಿ ಹೇಳಿ ಬರೆದುಕೊಳ್ಳಲು ಹೇಳಿದರು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.