ಅಪ್ಪನಿಗೆ ಹೇಳದ ಲಾಡ್ಜಿನ ಮಾತು

ಆಗ ಹೊಸ ಪಿಕ್ಚರ್ ಅಂದರೆ ಬಸ್ಸಿನ ಟಾಪಿನ ಮೇಲೆ ಬರುವ, ರೀಲು ತುಂಬಿದ ತಗಡಿನ ಪೆಟ್ಟಿಗೆ. ಈಗ ನಾನಿರುವ ಅಮೆರಿಕದ ರಾಕ್‌ವಿಲ್‌ನಲ್ಲಿ ಫೋನಿನಲ್ಲೇ ಟಿಕೆಟ್ ಬುಕ್ ಮಾಡುವ ನಮ್ಮ ಗುಂಪಿಗೆ ಹೇಳಿದರೆ ನಗುತ್ತಾರೆ. ನಗಲಿ. ಅರಸೀಕೆರೆಯ ಹತ್ತಿರ ಅಪ್ಪನ ಟೆಂಟ್ ಸಿನಿಮಾ ಇತ್ತು. ನೀರು ಚಿಮುಕಿಸಿದ ಮರಳು, ಬೀಡಿ ಹೊಗೆ, ಹುರಿದ ಕಡ್ಲೆಕಾಯಿ, ಎಲ್ಲ ಸೇರಿ ಒಂದೇ ವಾಸನೆ. ಮುಂದಿನವರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿನಲ್ಲಿ ಪಕ್ಕಾ ಥಿಯೇಟರ್ ಎದ್ದಿತು. ಯುಗಾದಿಗೆ ಹೊಸ ಪಿಕ್ಚರ್ ಸಿಗದಿದ್ದರೆ ನಮ್ಮ ಟೆಂಟು ಕೀಳಬೇಕಾಗಿತ್ತು. ನಮ್ಮ ಕಡೆಗೆ ಪಿಕ್ಚರ್ ಕೊಡುತ್ತಿದ್ದ ಹಂಚಿಕೆದಾರರು ಇಬ್ಬರು, ಸುಬ್ಬಣ್ಣ ಮತ್ತು ಗೋವಿಂದರಾಜು. ಎದುರು ಸಿಕ್ಕರೆ ಮುಖ ತಿರುಗಿಸುವಷ್ಟು ಜಗಳ. ಒಬ್ಬ ಥಿಯೇಟರಿಗೆ ಕೊಟ್ಟರೆ ಇನ್ನೊಬ್ಬ ಹಟಕ್ಕಾದರೂ ನಮಗೆ ಕೊಡುತ್ತಾನೆಂದು ಅಪ್ಪ ಆ ಜಗಳವನ್ನೇ ನಂಬಿದ್ದರು. ಹಾಸನದಿಂದ ಮೂರನೆಯವನೊಬ್ಬ ಬಂದು ತನ್ನ ಹೊಸ ಪಿಕ್ಚರ್ ಕೊಡುತ್ತೇನೆಂದರೂ "ನೋಡೋಣ" ಎಂದು ಕಾಯಿಸಿದರು.

"ಇಬ್ರೂ ಕಿತ್ತಾಡ್ತಿರೋ ತನಕ ನಮ್ಗೇನ್ ಭಯ ಕಣೇ," ಎಂದರು ಅಮ್ಮನಿಗೆ.

ಹಬ್ಬಕ್ಕೆ ಒಂದು ವಾರವಿದ್ದಾಗ ಸುಬ್ಬಣ್ಣ ಊರಿಗೆ ಬಂದು ಲಾಡ್ಜಿನಲ್ಲಿದ್ದ. ಮಧ್ಯಾಹ್ನ ಅವನಿಗೆಂದು ಅಮ್ಮ ಕೊಟ್ಟ ಊಟದ ಕ್ಯಾರಿಯರ್ ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಮಂಚದ ಮೇಲೆ ಸುಬ್ಬಣ್ಣ, ಗೋವಿಂದರಾಜು ಇಬ್ಬರೂ ಕೂತು ಇಸ್ಪೀಟಾಡುತ್ತಿದ್ದರು.

"ಹೊಸದೆಲ್ಲ ಥಿಯೇಟರಿಗೇ ಕೊಡೋಣ. ಟೆಂಟಿಗೆ ನಾನೂ ಕೊಡಲ್ಲ, ನೀನೂ ಕೊಡ್ಬೇಡ," ಎನ್ನುತ್ತಿದ್ದ ಗೋವಿಂದರಾಜು.

ನನ್ನನ್ನು ಕಂಡು ಸುಬ್ಬಣ್ಣ ಎಲೆ ಕೆಳಗಿಟ್ಟ. "ಬಾ ಪುಟ್ಟಿ. ಊಟಕ್ಕೇನು?"

"ಹುಳಿ, ಹಪ್ಪಳ."

"ನಮ್ಮಿಬ್ರನ್ನ ಇಲ್ಲಿ ನೋಡ್ದೆ ಅಂತ ಅಪ್ಪಂಗೆ ಹೇಳ್ಬೇಡಮ್ಮ. ಹೇಳಿದ್ರೆ ನಿಮ್ ಟೆಂಟಿಗೆ ಪಿಕ್ಚರೇ ಬರಲ್ಲ."

ಕೊಡಲ್ಲ ಎಂದದ್ದನ್ನು ಈಗತಾನೆ ಕೇಳಿದವಳು ಇದನ್ನು ಹೇಗೆ ನಂಬಿದೆನೋ. ಆಗ ನನಗೆ ಹತ್ತು ವರ್ಷ. ಟೆಂಟು ಉಳಿಯಲೆಂದು ಬಾಯಿ ಮುಚ್ಚಿಕೊಂಡೆ.

ಹಾಸನದವನು ಕಾದು, ತನ್ನ ಪಿಕ್ಚರನ್ನೂ ಥಿಯೇಟರಿಗೇ ಕೊಟ್ಟು ಹೋದ. ಹಬ್ಬದ ಹಿಂದಿನ ದಿನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಕಾದರು. ಪೆಟ್ಟಿಗೆ ಬರಲಿಲ್ಲ. ಮುಂದಿನ ವಾರವೇ ಟೆಂಟು ಬಿಚ್ಚಿದರು. ನಾನು ಅಳಲಿಲ್ಲ. ಸ್ಕೂಲಿಗೆ ಹೋದೆ.

ಹೋದ ವರ್ಷ ಅಪ್ಪ ಇಲ್ಲಿಗೆ ಬಂದಿದ್ದರು. ಕನ್ನಡ ಪಿಕ್ಚರ್ ಒಂದನ್ನು ನೋಡಿಕೊಂಡು ಕಾರಿನಲ್ಲಿ ವಾಪಸ್ ಬರುತ್ತಿದ್ದೆವು.

"ಇಲ್ಲೂ ಪಿಕ್ಚರ್ ತರೋರು ಇಬ್ರೇನಾ?" ಎಂದರು.

"ಯಾ ತಾತ, ದೇ ಟೇಕ್ ಟರ್ನ್ಸ್. ಒಂದು ವೀಕ್ ಅವ್ರು, ಒಂದು ವೀಕ್ ಇವ್ರು," ಎಂದಳು ಹಿಂದಿನ ಸೀಟಿನಿಂದ ನನ್ನ ಮಗಳು.

"ಮಾತಾಡ್ಕೊಂಡಿರ್ತಾರೆ ಬಿಡು. ಆಗ ಅವ್ರಿಬ್ರೂ ಒಂದಾಗಿದಾರೆ ಅಂತ ನಂಗೂ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಹಾಸನದವನನ್ನ ಹಿಡ್ಕೋತಿದ್ದೆ," ಎಂದರು ಅಪ್ಪ.

ನಾನು ಸಿಗ್ನಲ್ ಹಾಕಿ ಲೇನ್ ಬದಲಿಸಿದೆ. ಟೆಂಟು ಹೋದದ್ದಕ್ಕೆ ನನಗೀಗ ಏನೂ ಅನ್ನಿಸುವುದಿಲ್ಲ. ಹೇಳಿದ್ದರೆ ಉಪಯೋಗಕ್ಕೆ ಬರುತ್ತಿದ್ದದ್ದು ಹಬ್ಬದ ಮುಂಚಿನ ಆ ಒಂದೇ ಒಂದು ವಾರ, ಅದು ಹೋಯಿತು. ಮನೆಗೆ ಇನ್ನೂ ಇಪ್ಪತ್ತು ನಿಮಿಷದ ದಾರಿ ಇತ್ತು, ಅಪ್ಪ ಪಕ್ಕದ ಸೀಟಿನಲ್ಲೇ ಇದ್ದರು. ಆಗಲೂ ಹೇಳಲಿಲ್ಲ.